ರಸ್ತೆ ಅಪಘಾತದಲ್ಲಿ ತಪ್ಪು ಯಾರದ್ದು? ಮೊದಲ ದಿನದಿಂದ ಅಪೀಲಿನವರೆಗೆ ಕುಟುಂಬಗಳಿಗೊಂದು ಮಾರ್ಗದರ್ಶಿ

ಅಪಘಾತವಾದ ಜಾಗದಲ್ಲಿ ಸೇರಿದ ಜನ ಅಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ: ದೊಡ್ಡ ಗಾಡಿಯವನದೇ ತಪ್ಪು. ಮನೆಯವರೂ ಅದನ್ನೇ ನಂಬಿಕೊಂಡು, ಕೇಸು ಹೇಗೂ ನಮ್ಮ ಕಡೆಗೇ ಆಗುತ್ತದೆ ಎಂದು ಸುಮ್ಮನಿರುತ್ತಾರೆ. ಮುಂದೆ ಅಪಘಾತ ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ಪಾಟೀಸವಾಲಿಗೆ ನಿಂತಾಗ, ತಮ್ಮ ಕೈಯಲ್ಲಿರುವ ಕಾಗದಗಳೇ ಬೇರೆ ಕಥೆ ಹೇಳುತ್ತಿವೆ ಎಂದು ಗೊತ್ತಾಗುತ್ತದೆ. ಭಾರಿ ವಾಹನ ಓಡಿಸುವವರು ಹೆಚ್ಚು ಎಚ್ಚರ ವಹಿಸಬೇಕು ಎಂದು ಕೋರ್ಟುಗಳು ಹೇಳಿರುವುದುಂಟು. ಆದರೆ ಗಾಡಿಯ ಗಾತ್ರ ನೋಡಿ ಯಾರೂ ತೀರ್ಪು ಬರೆಯುವುದಿಲ್ಲ. ಆ ಹೊತ್ತಿನಲ್ಲಿ, ಆ ಜಾಗದಲ್ಲಿ ಈ ಚಾಲಕ ವಹಿಸಬೇಕಿದ್ದ ಎಚ್ಚರ ಯಾವುದು, ಅದನ್ನು ಅವನು ವಹಿಸಿದನೇ, ವಹಿಸದೇ ಇದ್ದುದರಿಂದಲೇ ಈ ಅಪಘಾತವಾಯಿತೇ? ನ್ಯಾಯಾಧೀಶರು ನೋಡುವುದು ಇದನ್ನು. ಇದಕ್ಕೆ ಉತ್ತರ ಕೊಡುವ ಕಾಗದಗಳೆಲ್ಲ ಹುಟ್ಟುವುದು ಅಪಘಾತವಾದ ಮೊದಲ ಕೆಲವು ದಿನಗಳಲ್ಲಿ, ಮನೆಯವರು ಆಸ್ಪತ್ರೆಯ ಕಾರಿಡಾರಿನಲ್ಲಿ ದಿಕ್ಕು ತೋಚದೆ ಕೂತಿರುವ ಹೊತ್ತಿನಲ್ಲಿ. ಹಾಗಾಗಿ ಈ ಲೇಖನದಲ್ಲಿ ಆ ದಿನಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ತಿಳಿದಿರಲಿ: ಕೇಸು ಒಂದಲ್ಲ, ಎರಡು

ಪೊಲೀಸರು ಹಾಕುವುದು ಕ್ರಿಮಿನಲ್ ಕೇಸು. 2024ರ ಜುಲೈ 1ರಿಂದ ಈಚೆಗೆ ನಡೆದ ಅಪಘಾತಗಳಿಗೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಮುಗಳು, ಸಾವಾಗಿದ್ದರೆ 106(1) ಬರುತ್ತವೆ. ಅದಕ್ಕೂ ಹಿಂದಿನವಕ್ಕೆ ಐಪಿಸಿಯ 279, 337, 338, 304ಎ. ಈ ಕೇಸಿನಲ್ಲಿ ಚಾಲಕನಿಗೆ ದಂಡವೋ ಜೈಲೋ ಆಗಬಹುದು. ನಿಮ್ಮ ಮನೆಯ ನಷ್ಟ ತುಂಬಿಕೊಡುವ ಕೇಸು ಅದಲ್ಲ.

ಪರಿಹಾರಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಬೇರೆಯೇ ಅರ್ಜಿ ಹಾಕಬೇಕು. ಕೋರ್ಟಿನ ಆವರಣದಲ್ಲಿ ಎಂವಿಸಿ ಕೇಸು ಅನ್ನುವುದು ಇದಕ್ಕೇ. ಎರಡಕ್ಕೂ ಬೇಕಾದ ಸಾಕ್ಷ್ಯದ ತೂಕ ಬೇರೆ. ಕ್ರಿಮಿನಲ್ ಕೇಸಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ಪರಿಹಾರದ ಕೇಸಿನಲ್ಲಿ ಹೀಗೇ ನಡೆದಿರುವ ಸಂಭವ ಹೆಚ್ಚು ಎಂದು ತೋರಿಸಿದರೆ ಸಾಕು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಸ್ಪಷ್ಟವಾಗಿ ಹೇಳಿದೆ. ಚಾಲಕ ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದ ಎಂದ ಮಾತ್ರಕ್ಕೆ ಪರಿಹಾರದ ಹಕ್ಕು ಹೋಗುವುದಿಲ್ಲ ಎಂಬುದು 1980ರಿಂದಲೂ ನಿಂತಿರುವ ಮಾತು.

ಎಚ್ಚರದ ಹೊಣೆ ಯಾರ ಯಾರ ಮೇಲಿದೆ

ಚಾಲಕನ ಹೊಣೆ ಎಲ್ಲರಿಗೂ ಗೊತ್ತಿರುವುದೇ. ವೇಗದ ಮಿತಿ, ಎಡಬದಿ, ಮುಂದಿನ ಗಾಡಿಯಿಂದ ಅಂತರ, ತಿರುವಿನಲ್ಲಿ ಓವರ್‌ಟೇಕ್ ಮಾಡದಿರುವುದು, ಇವೆಲ್ಲ 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲಿವೆ. ಆದರೆ ಅನೇಕ ಕೇಸುಗಳಲ್ಲಿ ನಿಜವಾದ ತಪ್ಪು ಸ್ಟೇರಿಂಗ್ ಹಿಡಿದವನಿಂದ ಆಚೆಗೂ ಇರುತ್ತದೆ, ಮನೆಯವರು ಅತ್ತ ನೋಡುವುದೇ ಇಲ್ಲ.

ನಿಂತ ಗಾಡಿಯನ್ನೇ ತೆಗೆದುಕೊಳ್ಳಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆ ರಾತ್ರಿ ಓಡಾಡುವವರಿಗೆ ಇದು ಗೊತ್ತು. ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ, ಟ್ರೇಲರಿನ ಅಂಚಿನಿಂದ ಕಬ್ಬಿನ ಜಲ್ಲೆ ಮೂರು ಅಡಿ ಆಚೆ ಚಾಚಿರುತ್ತದೆ. ಪಂಚರ್ ಆದರೆ ಡಾಂಬರಿನ ಮೇಲೇ ನಿಲ್ಲಿಸಿ ಸುತ್ತ ಕಲ್ಲಿಡುತ್ತಾರೆ; ಗಾಡಿ ಹೋದರೂ ಕಲ್ಲು ಅಲ್ಲೇ ಉಳಿಯುತ್ತದೆ. ಅಪಾಯವಾಗುವಂತೆ ರಸ್ತೆಯಲ್ಲಿ ವಾಹನ ನಿಲ್ಲಿಸುವುದನ್ನು ಕಾಯ್ದೆಯ 122ನೇ ಕಲಮು ನಿಷೇಧಿಸಿದೆ. ಇಂಥ ಕೇಸುಗಳಲ್ಲಿ ಹಿಂದಿನಿಂದ ಬಂದು ಗುದ್ದಿದವನದೇ ತಪ್ಪು ಎಂದು ವಿಮಾ ಕಂಪನಿ ವಾದಿಸುತ್ತದೆ. ಹೆದ್ದಾರಿಯ ನಡುವೆ ದೀಪವಿಲ್ಲದೆ ಬಿಟ್ಟುಹೋದ ಟ್ರೇಲರಿಗೆ ಕಾರು ಗುದ್ದಿದ ಪ್ರಕರಣವೊಂದರಲ್ಲಿ 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪದೆ, ಪೂರ್ತಿ ಹೊಣೆಯನ್ನು ಟ್ರೇಲರಿನ ಕಡೆಗೇ ಹೊರಿಸಿತು.

ಗಾಡಿ ಕೊಟ್ಟವರಿಗೂ ಹೊಣೆಯಿದೆ. ಹದಿನೆಂಟು ತುಂಬದ ಮಗನ ಕೈಗೆ ಬೈಕಿನ ಕೀಲಿ ಕೊಟ್ಟ ತಂದೆಗೆ 199ಎ ಕಲಮಿನಡಿ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಇದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಲೈಸೆನ್ಸ್ ಇಲ್ಲದವರು ಓಡಿಸಿದ್ದರೆ ವಿಮಾ ಕಂಪನಿ ಗಾಯಾಳುವಿಗೆ ಹಣ ಕೊಟ್ಟು, ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶವಾಗುವುದು ಸಾಮಾನ್ಯ. ಆಗ ಹೊಲ ಮನೆಯ ಮೇಲೇ ಬರುತ್ತದೆ.

ರಸ್ತೆ ಮಾಡಿದವರಿಗೂ ಹೊಣೆ ಉಂಟು. ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ನೋವಿಗೆ ಕಾರಣವಾದ ಅಧಿಕಾರಿ, ಗುತ್ತಿಗೆದಾರರಿಗೆ 198ಎ ಕಲಮಿನಡಿ ಒಂದು ಲಕ್ಷದವರೆಗೆ ದಂಡವಿದೆ. ಬಣ್ಣ ಬಳಿಯದ ಹಂಪ್, ಸೂಚನಾ ಫಲಕವಿಲ್ಲದೆ ಅಗೆದು ಬಿಟ್ಟ ಗುಂಡಿ ಇದ್ದರೆ ಅದರ ಫೋಟೊ ದೂರಿನ ಜೊತೆಗೇ ಸೇರಲಿ. ಸುಗ್ಗಿಯಲ್ಲಿ ಹುರುಳಿ, ರಾಗಿ ತೆನೆಯನ್ನು ಟಾರು ರಸ್ತೆಗೆ ಹರಡಿ ಒಕ್ಕಣೆ ಮಾಡುವವರಿಗೂ ಒಂದು ಮಾತು: ಕಣ ಮಾಡಲು ಜಾಗವಿಲ್ಲದ ರೈತರ ಕಷ್ಟ ನಿಜವಾದದ್ದು, ಆದರೆ ಆ ಹುಲ್ಲಿನ ಮೇಲೆ ಜಾರಿ ಬಿದ್ದವರ ತಲೆಯ ಪೆಟ್ಟೂ ಅಷ್ಟೇ ನಿಜ.

ಹೆಜ್ಜೆ 1: ಆಸ್ಪತ್ರೆಯಲ್ಲಿ ಬರೆಯುವ ಮೊದಲ ಸಾಲು

108ಕ್ಕೋ 112ಕ್ಕೋ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033. ದಾರಿಹೋಕರು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲು ಹಿಂಜರಿಯಬೇಕಿಲ್ಲ. ಕೇಂದ್ರದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ. ಕರ್ನಾಟಕವಂತೂ 2016ರಲ್ಲೇ ಇದಕ್ಕಾಗಿ ತನ್ನದೇ ಕಾಯ್ದೆ ಮಾಡಿಕೊಂಡಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಗದುರಹಿತ ಚಿಕಿತ್ಸೆಯ ಯೋಜನೆಯಲ್ಲಿ, ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಬ್ಬ ಗಾಯಾಳುವಿಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಸೇರಿಸಿದ ಕೂಡಲೇ ಕೌಂಟರಿನಲ್ಲಿ ಇದನ್ನು ಕೇಳಿ.

ಈಗ ಮುಖ್ಯ ಸಂಗತಿ. ತುರ್ತು ವಿಭಾಗದಲ್ಲಿ ಡ್ಯೂಟಿ ಡಾಕ್ಟರ್ “ಏನಾಯಿತು?” ಎಂದು ಕೇಳುತ್ತಾರೆ. ಕರೆತಂದವನು ಗಾಬರಿಯಲ್ಲಿ “ಬೈಕಿಂದ ಬಿದ್ಬಿಟ್ರು ಸಾರ್” ಅನ್ನುತ್ತಾನೆ. ಡಾಕ್ಟರ್ ಕೇಸ್ ಶೀಟಿನಲ್ಲಿ ಬೈಕಿನಿಂದ ತಾನಾಗಿ ಬಿದ್ದದ್ದು ಎಂದು ಬರೆಯುತ್ತಾರೆ. ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯಗಳ) ರಿಜಿಸ್ಟರಿಗೂ ಅದೇ ಹೋಗುತ್ತದೆ, ಮುಂದೆ ವೂಂಡ್ ಸರ್ಟಿಫಿಕೇಟಿಗೂ, ಅಂದರೆ ಗಾಯದ ಪ್ರಮಾಣಪತ್ರಕ್ಕೂ, ಅದೇ ಬರುತ್ತದೆ. ವಿಮಾ ಕಂಪನಿ ಮೊದಲು ತರಿಸಿ ನೋಡುವುದು ಇದೇ ಸಾಲನ್ನು. ಬೇರೆ ವಾಹನ ಡಿಕ್ಕಿ ಹೊಡೆದೇ ಇಲ್ಲ, ಪರಿಹಾರಕ್ಕಾಗಿ ಆಮೇಲೆ ಗಾಡಿಯನ್ನು ಸೇರಿಸಿದ್ದಾರೆ ಎಂಬ ವಾದ ಇಲ್ಲಿಂದಲೇ ಶುರು. ಆದ್ದರಿಂದ ನಡೆದದ್ದನ್ನು ನಡೆದಂತೆಯೇ ಹೇಳಿ: ಯಾವ ಗಾಡಿ, ಎಲ್ಲಿ, ಎಷ್ಟು ಹೊತ್ತಿಗೆ ಗುದ್ದಿತು. ನಂಬರ್ ಗೊತ್ತಿದ್ದರೆ ಅದನ್ನೂ ಬರೆಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಸಿ. ತಪ್ಪಾಗಿ ದಾಖಲಾಗಿದ್ದರೆ ಅದೇ ದಿನ ವೈದ್ಯರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ.

ಹೆಜ್ಜೆ 2: ಜಾಗದ ಫೋಟೊ

ಗಾಡಿಗಳನ್ನು ಸರಿಸುವ ಮೊದಲು ತೆಗೆದ ಫೋಟೊಗೆ ಬೆಲೆ ಹೆಚ್ಚು. ಗಾಯದ ಫೋಟೊಗಿಂತ ಟೈರಿನ ಗುರುತು, ಗಾಜು ಚೆಲ್ಲಿದ ಜಾಗ, ಎರಡೂ ಗಾಡಿ ನಿಂತ ದಿಕ್ಕು, ರಸ್ತೆಯ ಎರಡೂ ಅಂಚು ಒಟ್ಟಿಗೆ ಕಾಣುವ ಫೋಟೊ ಬೇಕು. ನಂಬರ್ ಪ್ಲೇಟ್ ಸ್ಪಷ್ಟವಾಗಿರಲಿ. ಹತ್ತಿರದ ಪೆಟ್ರೋಲ್ ಬಂಕ್, ಅಂಗಡಿ, ಟೋಲ್‌ಗಳ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಅದನ್ನು ವಶಪಡಿಸಿಕೊಳ್ಳುವಂತೆ ಠಾಣೆಗೆ ಬರೆದುಕೊಡಿ. ಕಣ್ಣಾರೆ ಕಂಡವರ ಫೋನ್ ನಂಬರನ್ನು ಅಲ್ಲೇ ಪಡೆಯಿರಿ, ಮರುದಿನ ಅವರು ಸಿಗುವುದಿಲ್ಲ.

ಹೆಜ್ಜೆ 3: ದೂರು ಬರೆಯುವಾಗ

ನಮ್ಮ ಠಾಣೆಗಳಲ್ಲಿ ದೂರಿಗೆ ಒಂದು ಅಚ್ಚು ಇದೆ: “ಅತಿವೇಗ ಹಾಗೂ ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು ಡಿಕ್ಕಿ ಹೊಡೆಸಿದ್ದರಿಂದ.” ಸಾವಿರಾರು ಎಫ್‌ಐಆರ್‌ಗಳಲ್ಲಿ ಇದೊಂದೇ ವಾಕ್ಯ. ಅದು ಇರಲಿ, ಆದರೆ ಅಷ್ಟಕ್ಕೇ ಬಿಡಬೇಡಿ. ಚಾಲಕ ವಹಿಸಬೇಕಿದ್ದ ಯಾವ ಎಚ್ಚರವನ್ನು ವಹಿಸಲಿಲ್ಲ ಎಂಬುದು ದೂರಿನಲ್ಲಿ ಕಾಣಬೇಕು. “ನಮ್ಮಣ್ಣ ಹಾಸನದ ಕಡೆಗೆ ರಸ್ತೆಯ ಎಡಬದಿಯಲ್ಲಿ ಹೋಗುತ್ತಿದ್ದರು. ಎದುರಿನಿಂದ ಬಂದ ಟೆಂಪೊ ಮುಂದಿದ್ದ ಬಸ್ಸನ್ನು ತಿರುವಿನಲ್ಲಿ ಓವರ್‌ಟೇಕ್ ಮಾಡಲು ಬಲಕ್ಕೆ ಬಂದು ಗುದ್ದಿತು. ಇದನ್ನು ಹಿಂದೆ ಬರುತ್ತಿದ್ದ ಇಂಥವರು ನೋಡಿದ್ದಾರೆ.” ಇಷ್ಟು ಬರೆದರೆ ತಪ್ಪು ಯಾವುದು, ಅದರಿಂದಲೇ ಡಿಕ್ಕಿಯಾದದ್ದು ಹೇಗೆ ಎಂಬುದು ಎರಡೂ ಸಿಗುತ್ತವೆ.

ದೂರು ತಡವಾದರೆ ಕೇಸು ಬಿದ್ದುಹೋಗುವುದಿಲ್ಲ. ಜೀವ ಉಳಿಸಿಕೊಳ್ಳುವುದು ಮೊದಲು, ಠಾಣೆ ಆಮೇಲೆ ಎಂಬುದನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಿಕೊಂಡಿದೆ. ಆದರೆ ತಡವೇಕಾಯಿತು ಎಂಬುದನ್ನು ದೂರಿನಲ್ಲೇ ಬರೆಯಿರಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಗುದ್ದಿದ ಗಾಡಿಗೆ ಇನ್ಶೂರೆನ್ಸ್ ಇಲ್ಲ, ಪರಿಚಯದವರ ಇನ್ನೊಂದು ಗಾಡಿಯ ನಂಬರ್ ಹಾಕೋಣ ಎಂದು ಸಲಹೆ ಕೊಡುವವರು ಆಸ್ಪತ್ರೆಯ ಬಾಗಿಲಲ್ಲೇ ಸಿಗುತ್ತಾರೆ. ಒಪ್ಪಬೇಡಿ. ಅದು ವಂಚನೆ. ಸಿಕ್ಕಿಬಿದ್ದರೆ ನಿಜವಾದ ಪರಿಹಾರವೂ ಹೋಗುತ್ತದೆ, ದೂರು ಕೊಟ್ಟವರ ಮೇಲೇ ಕೇಸು ಬೀಳುತ್ತದೆ.

ಹೆಜ್ಜೆ 4: ಸ್ಥಳ ಮಹಜರಿನ ನಕ್ಷೆ ಓದುವುದು

ಎಫ್‌ಐಆರ್‌ಗಿಂತ ಈ ಒಂದು ಹಾಳೆ ನನಗೆ ಮುಖ್ಯವಾಗಿ ಕಾಣುತ್ತದೆ. ಪೊಲೀಸರು ಸ್ಥಳಕ್ಕೆ ಹೋಗಿ ಪಂಚರ (ಸ್ಥಳದ ಸಾಕ್ಷಿಗಳ) ಸಮಕ್ಷಮ ಮಹಜರು ಮಾಡಿ, ಕೈಯಿಂದ ನಕ್ಷೆ ಬಿಡಿಸುತ್ತಾರೆ. ರಸ್ತೆಯ ಅಗಲ, ದಿಕ್ಕು, ಡಿಕ್ಕಿಯಾದ ಜಾಗಕ್ಕೆ ಒಂದು ಗುರುತು, ಅಂಚಿನಿಂದ ಅದು ಎಷ್ಟು ಅಡಿ ಎಂಬುದು ಅದರಲ್ಲಿರುತ್ತದೆ.

ಒಂದು ಉದಾಹರಣೆ ನೋಡಿ. ರಸ್ತೆ ಉತ್ತರ ದಕ್ಷಿಣವಾಗಿದೆ, ಅಗಲ 24 ಅಡಿ. ನಿಮ್ಮವರು ಉತ್ತರಕ್ಕೆ ಹೋಗುತ್ತಿದ್ದರು, ಅಂದರೆ ಅವರ ಎಡ ಪಶ್ಚಿಮ. ಡಿಕ್ಕಿಯ ಗುರುತು ಪಶ್ಚಿಮದ ಅಂಚಿನಿಂದ 5 ಅಡಿಯಲ್ಲಿದ್ದರೆ ಅವರು ತಮ್ಮ ಬದಿಯಲ್ಲೇ ಇದ್ದರು. ಎದುರಿನ ಲಾರಿ 12 ಅಡಿಯ ನಡುಗೆರೆ ದಾಟಿ ಬಂದಿದೆ. ಅದೇ ಗುರುತು 14 ಅಡಿಯಲ್ಲಿದ್ದರೆ ನಡುಗೆರೆ ದಾಟಿದ್ದು ನಿಮ್ಮವರು ಎಂದಾಗುತ್ತದೆ, ಎಫ್‌ಐಆರ್ ಏನೇ ಹೇಳಲಿ. ಹೀಗೆ ಅಳತೆ ತಪ್ಪಾಗಿ ಬಿದ್ದು ಪರಿಹಾರ ಅರ್ಧಕ್ಕಿಳಿಯುವುದುಂಟು. ಆದ್ದರಿಂದ ಮಹಜರಿನ ದಿನ ಮನೆಯ ಕಡೆಯ ಒಬ್ಬರು, ಸಾಧ್ಯವಾದರೆ ಕಣ್ಣಾರೆ ಕಂಡವರು ಸ್ಥಳದಲ್ಲಿರಲಿ. ಟೇಪು ಹಿಡಿದು ಅಳೆಯುವುದನ್ನು ನೋಡಲಿ. ತಪ್ಪಿದ್ದರೆ ಅಂದೇ ತನಿಖಾಧಿಕಾರಿಗೆ, ಒಪ್ಪದಿದ್ದರೆ ಅವರ ಮೇಲಧಿಕಾರಿಗೆ ಲಿಖಿತ ಆಕ್ಷೇಪಣೆ ಕೊಡಿ.

ಇದರ ಜೊತೆಗೆ ಮೋಟಾರು ವಾಹನ ನಿರೀಕ್ಷಕರ ವರದಿಯನ್ನೂ ಓದಿ. ಲಾರಿಯ ಮುಂಭಾಗದ ಬಲ ಮೂಲೆ ಜಜ್ಜಿದೆಯೋ ಎಡ ಮೂಲೆಯೋ, ಬ್ರೇಕು ಸರಿಯಿತ್ತೋ ಎಂಬುದು ಅಲ್ಲಿದೆ. ಅದು ನಕ್ಷೆಗೆ ಹೊಂದಬೇಕು.

2022ರ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು, 90 ದಿನಗಳಲ್ಲಿ ವಿವರವಾದ ವರದಿ ಸಲ್ಲಿಸಬೇಕು. ಪ್ರತಿಗಳನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು.

ಹೆಜ್ಜೆ 5: ನಿಮ್ಮ ಕಡೆಯ ತಪ್ಪನ್ನು ಮೊದಲೇ ಅಳೆದುಕೊಳ್ಳಿ

ವಿಮಾ ಕಂಪನಿಯ ದೊಡ್ಡ ಅಸ್ತ್ರ ಇದು: ಗಾಯಾಳುವಿನದೂ ತಪ್ಪಿದೆ, ಶೇಕಡಾ ಇಷ್ಟು ಕಡಿತ ಮಾಡಿ. ವಕೀಲರು ಇದನ್ನು ಕಾಂಟ್ರಿಬ್ಯುಟರಿ ನೆಗ್ಲಿಜೆನ್ಸ್ ಅನ್ನುತ್ತಾರೆ. ತಪ್ಪಿನ ಪಾಲು ಶೇ 25 ಎಂದಾದರೆ ಹತ್ತು ಲಕ್ಷದಲ್ಲಿ ಏಳೂವರೆ ಮಾತ್ರ ಕೈಗೆ ಬರುತ್ತದೆ.

ನಿಯಮ ಮುರಿದ ಮಾತ್ರಕ್ಕೆ ಈ ಕಡಿತ ಆಗಬಾರದು. ಬೈಕಿನಲ್ಲಿ ಮೂವರಿದ್ದರು ಎಂಬುದೊಂದೇ ಕಡಿತಕ್ಕೆ ಕಾರಣವಾಗದು, ಮೂವರಿದ್ದುದರಿಂದಲೇ ಅಪಘಾತವಾಯಿತು ಅಥವಾ ಪೆಟ್ಟು ಹೆಚ್ಚಾಯಿತು ಎಂದು ತೋರಿಸಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಲೈಸೆನ್ಸ್ ಇಲ್ಲದ ಸವಾರನ ವಿಷಯದಲ್ಲೂ 2008ರ ತೀರ್ಪು ಇದೇ ದಾರಿಯದು: ಅವನು ಕಟ್ಟಬೇಕಾದ ದಂಡ ಬೇರೆ, ಅಪಘಾತಕ್ಕೆ ಕಾರಣ ಬೇರೆ. ಹೆಲ್ಮೆಟ್ಟಿಲ್ಲದವರ ಕಾಲು ಮುರಿದಿದ್ದರೆ ಹೆಲ್ಮೆಟ್ಟಿನ ಮಾತು ಅಲ್ಲಿ ಏಕೆ ಬಂತು ಎಂದು ನಿಮ್ಮ ವಕೀಲರು ಕೇಳಬೇಕು. ತಲೆಗೇ ಪೆಟ್ಟಾಗಿದ್ದರೆ ಆ ಪ್ರಶ್ನೆಗೆ ಸಿದ್ಧರಾಗಿರಬೇಕು.

ಇಬ್ಬರು ಚಾಲಕರ ತಪ್ಪಿನಿಂದ ಮೂರನೆಯವರಿಗೆ ಪೆಟ್ಟಾದರೆ ಲೆಕ್ಕವೇ ಬೇರೆ. ಬಸ್ಸು ಲಾರಿ ಗುದ್ದಾಡಿ ಬಸ್ಸಿನ ಪ್ರಯಾಣಿಕನ ಕೈ ಮುರಿದರೆ, ಆ ಪ್ರಯಾಣಿಕ ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಪಡೆಯಬಹುದು. 2015ರ ತೀರ್ಪು ಇದನ್ನು ಖಚಿತಪಡಿಸಿದೆ.

ಹೆಜ್ಜೆ 6: ಅರ್ಜಿ

2022ರ ಏಪ್ರಿಲ್ 1ರಿಂದ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಮಿತಿ ಬಂದಿದೆ. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದ್ದು, ತಡವಾಯಿತೆಂದು ಅರ್ಜಿ ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಗಿದೆ. ಅದನ್ನು ನಂಬಿಕೊಂಡು ಕಾಯಬೇಡಿ. ಅಪಘಾತವಾದ ಊರು, ನೀವು ವಾಸವಿರುವ ಊರು, ಎದುರುಗಾರರ ಊರು, ಇವುಗಳಲ್ಲಿ ಎಲ್ಲಿಯಾದರೂ ಹಾಕಬಹುದು. ಕಲಬುರಗಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವರು ಊರಿನ ಕೋರ್ಟಿನಲ್ಲೇ ಕೇಸು ನಡೆಸಬಹುದು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಗುದ್ದಿದ ಗಾಡಿಯ ವಿಮೆ ಚಾಲ್ತಿಯಲ್ಲಿತ್ತೇ ಎಂದು ಎಂಪರಿವಾಹನ್ ಆ್ಯಪಿನಲ್ಲಿ ನೋಡಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಬೈಕಿನ ಹಿಂಬದಿ ಸವಾರರಿಗೆ, ತಪ್ಪು ಅದೇ ಬೈಕಿನದಾದರೆ, ವಿಮಾ ಕಂಪನಿಯಿಂದ ಹಣ ಸಿಗುವುದು ಕಷ್ಟ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವವರು ಸಮಗ್ರ ಪಾಲಿಸಿಯನ್ನೇ ಮಾಡಿಸಲಿ.

ತಪ್ಪನ್ನು ತೋರಿಸುವುದು ಕಷ್ಟ ಎನಿಸಿದರೆ 164ನೇ ಕಲಮು ಇದೆ. ಯಾರ ತಪ್ಪೆಂದು ರುಜುವಾತು ಮಾಡದೆಯೇ ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಆದರೆ ಅದನ್ನು ಒಪ್ಪಿ ತೆಗೆದುಕೊಂಡರೆ 166ರ ಅರ್ಜಿ ಕೊನೆಗೊಳ್ಳುತ್ತದೆ. ದುಡಿಯುವ ವಯಸ್ಸಿನವರು ಹೋಗಿರುವ ಮನೆಯವರು ಲೆಕ್ಕ ಹಾಕದೆ ಇದಕ್ಕೆ ಸಹಿ ಹಾಕಬಾರದು. ಗುದ್ದಿ ಓಡಿಹೋದ ಗಾಡಿ ಪತ್ತೆಯೇ ಆಗದಿದ್ದರೆ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ಸಿಗುವ ಯೋಜನೆ 2022ರಿಂದ ಇದೆ.

ಹೆಜ್ಜೆ 7: ಲೆಕ್ಕ ನೀವೇ ಹಾಕಿ ನೋಡಿ

ಸಾವಿನ ಪ್ರಕರಣಗಳ ಲೆಕ್ಕಕ್ಕೆ 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಥಿ ತೀರ್ಪುಗಳೇ ಆಧಾರ. 34 ವರ್ಷದ ಆಟೊ ಚಾಲಕ, ತಿಂಗಳಿಗೆ 15,000 ದುಡಿಮೆ, ಅವಲಂಬಿತರು ನಾಲ್ವರು ಎಂದುಕೊಳ್ಳಿ. ಸ್ವಂತ ದುಡಿಮೆಯ, 40ರೊಳಗಿನವರಿಗೆ ಮುಂದಿನ ಏಳಿಗೆಗೆಂದು ಶೇ 40 ಸೇರಿಸಿ: 21,000. ಅವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯಿರಿ: 15,750. ವರ್ಷಕ್ಕೆ 1,89,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು, ಆ ವಯಸ್ಸಿಗೆ ಅದು 16. ಒಟ್ಟು 30,24,000. ಇದರ ಮೇಲೆ ಅಂತ್ಯಕ್ರಿಯೆ ಮುಂತಾದವಕ್ಕೆ ನಿಗದಿತ ಮೊತ್ತ, ಬಡ್ಡಿ. ಮನೆ ಬಾಗಿಲಿಗೆ ಬಂದು ಎಂಟು ಲಕ್ಷಕ್ಕೆ ರಾಜಿ ಮಾಡಿಸುತ್ತೇನೆ ಅನ್ನುವವರ ಮುಂದೆ ಈ ಲೆಕ್ಕ ಇಡಿ. ಆದಾಯಕ್ಕೆ ದಾಖಲೆಯಿಲ್ಲದ ಕೂಲಿಯವರಿಗೆ, ಲೋಕ ಅದಾಲತ್‌ಗಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಮಾಡಿರುವ ವರ್ಷವಾರು ಅಂದಾಜು ಆದಾಯದ ಪಟ್ಟಿಯನ್ನು ನಮ್ಮ ಕೋರ್ಟುಗಳು ಬಳಸುತ್ತವೆ. ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಲೇಬೇಕು.

ಗಾಯದ ಕೇಸಿನಲ್ಲಿ ಕಾಲಿನ ಅಂಗವಿಕಲತೆ ಶೇಕಡಾ ಎಷ್ಟು ಎಂಬುದಕ್ಕಿಂತ, ಅದರಿಂದ ದುಡಿಮೆ ಎಷ್ಟು ಹೋಯಿತು ಎಂಬುದನ್ನು ನೋಡಬೇಕು. ಕರ್ನಾಟಕದಿಂದ ಹೋದ 2014ರ ಪ್ರಕರಣದಲ್ಲಿ, ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ದುಡಿಮೆಯ ನಷ್ಟವನ್ನು ಸುಪ್ರೀಂ ಕೋರ್ಟ್ ಶೇ 85 ಎಂದು ಹಿಡಿಯಿತು. ನಿಮ್ಮ ಕಸುಬಿಗೆ ಆ ಅಂಗ ಎಷ್ಟು ಬೇಕು ಎಂಬುದನ್ನು ಚಿಕಿತ್ಸೆ ಕೊಟ್ಟ ವೈದ್ಯರ ಸಾಕ್ಷ್ಯದಲ್ಲಿ ಹೇಳಿಸಿ.

ಹೆಜ್ಜೆ 8: ವಕೀಲರು, ಆದೇಶ, ಅಪೀಲು

ಬರುವ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಎಂದು ಫೀಸು ಗೊತ್ತುಮಾಡುವುದನ್ನು ಬಾರ್ ಕೌನ್ಸಿಲ್ ನಿಯಮಗಳು ನಿಷೇಧಿಸಿವೆ. ಫೀಸನ್ನು ಮೊದಲೇ ಮೊತ್ತದಲ್ಲಿ ಮಾತಾಡಿಕೊಳ್ಳಿ. ಖಾಲಿ ಚೆಕ್ಕು, ಖಾಲಿ ಹಾಳೆಗೆ ಸಹಿ ಹಾಕಿ ಯಾರಿಗೂ ಕೊಡಬೇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರಿಗೆ ಉಚಿತ ಕಾನೂನು ನೆರವಿದೆ. ತಾಲ್ಲೂಕು ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ.

ಆದೇಶವಾದ ಮೇಲೆ ಹಣದ ಒಂದು ಭಾಗವನ್ನು ನ್ಯಾಯಮಂಡಳಿ ನಿಶ್ಚಿತ ಠೇವಣಿಯಲ್ಲಿಡಲು ಹೇಳುತ್ತದೆ. ಮಕ್ಕಳ ಪಾಲನ್ನು ಅವರು ಪ್ರಾಯಕ್ಕೆ ಬರುವವರೆಗೆ ಹಾಗೇ ಇಡುತ್ತಾರೆ. ಓದಿಗೋ ಚಿಕಿತ್ಸೆಗೋ ಬೇಕಾದರೆ ಬಿಡುಗಡೆಗೆ ಅರ್ಜಿ ಹಾಕಬಹುದು. ಮೊತ್ತ ಕಡಿಮೆಯಾಯಿತು, ಇಲ್ಲವೇ ತಪ್ಪಿನ ಪಾಲನ್ನು ನಿಮ್ಮ ಮೇಲೆ ಹೊರಿಸಿದ್ದು ಸರಿಯಲ್ಲ ಎನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಅಪೀಲು ಹೋಗಬೇಕು. ವಿವಾದದಲ್ಲಿರುವ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಾದರೆ ಅಪೀಲಿಗೆ ಅವಕಾಶವಿಲ್ಲ. ಆದೇಶದ ದೃಢೀಕೃತ ಪ್ರತಿಗೆ ತೀರ್ಪಿನ ದಿನವೇ ಅರ್ಜಿ ಕೊಟ್ಟುಬಿಡಿ. ಅದರ ಜೊತೆಗೆ ಮಹಜರಿನ ನಕ್ಷೆಯನ್ನೂ ಆಸ್ಪತ್ರೆಯ ದಾಖಲೆಗಳನ್ನೂ ಒಂದೇ ಕಡತದಲ್ಲಿಟ್ಟು ಅಪೀಲು ನಡೆಸುವ ವಕೀಲರಿಗೆ ತಲುಪಿಸಿ.